1970ರ ದಶಕದ ಅಮೆರಿಕ ಸಿನಿಮಾದಲ್ಲಿ ಕಾಣುವಷ್ಟು ಆರಾಮಾಗಿತ್ತಾ?

1970ರ ದಶಕದಲ್ಲಿ ಅಮೆರಿಕದ ಸಾಮಾನ್ಯ ಜನರ ದಿನ ಹೇಗೆ ಕಳೆಯುತ್ತಿತ್ತು, ಅಲ್ಲಿನ ಹಿರಿಯರು ಹೇಳುವಷ್ಟು ಆರಾಮಾಗಿತ್ತಾ ಅಂತ ಕೇಳಿದ್ದೀರಿ. ನಾನು 1973ರಲ್ಲಿ ಎಂಜಿನಿಯರ್ ಕೆಲಸಕ್ಕೆ ನ್ಯೂಜೆರ್ಸಿಗೆ ಬಂದವನು. ಬರ್ಗನ್ ಕೌಂಟಿಯಲ್ಲಿ ಮನೆ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹಾಗಾಗಿ ನಾನು ಹೇಳುವುದು ನ್ಯೂಯಾರ್ಕ್ ಪಕ್ಕದ ಊರುಗಳ ಕಥೆ. ಅಯೋವಾದ ರೈತನನ್ನು ಕೇಳಿದರೆ ಬೇರೆಯದೇ ಹೇಳಿಯಾನು.

ಸಿನಿಮಾದಲ್ಲಿ ಉದ್ದನೆ ಕಾರು, ಬೆಲ್ ಬಾಟಮ್, ಡಿಸ್ಕೊ ಎಲ್ಲ ತೋರಿಸ್ತಾರೆ. ಅದೆಲ್ಲ ಇತ್ತು. ತೋರಿಸದೇ ಇರುವುದು ಕಾಯುವುದನ್ನು. ಆಗ ಪ್ರತಿಯೊಂದಕ್ಕೂ ಹೊತ್ತು ಗೊತ್ತು ಇತ್ತು. ಬ್ಯಾಂಕು ಮಧ್ಯಾಹ್ನವೇ ಬಾಗಿಲು ಹಾಕುತ್ತಿತ್ತು. ಶುಕ್ರವಾರ ನಗದು ತೆಗೆದಿಟ್ಟುಕೊಳ್ಳದಿದ್ದರೆ ಶನಿವಾರ, ಭಾನುವಾರ ಕೈ ಖಾಲಿ. ನಮ್ಮ ಕೌಂಟಿಯಲ್ಲಿ ಭಾನುವಾರ ಬಟ್ಟೆ, ಪೀಠೋಪಕರಣ ಮಾರುವ ಹಾಗಿರಲಿಲ್ಲ. ಆ ಕಾನೂನು ಇವತ್ತಿಗೂ ಇದೆ, ಇಲ್ಲಿನ ಪರಾಮಸ್‌ನ ದೊಡ್ಡ ಮಾಲ್‌ಗಳಲ್ಲಿ ಭಾನುವಾರ ಬಟ್ಟೆ ಅಂಗಡಿಗಳು ಮುಚ್ಚಿರುತ್ತವೆ.

ನಾನು ಬಂದ ವರ್ಷವೇ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದವು. ಗ್ಯಾಲನ್‌ಗೆ 40 ಸೆಂಟ್ ಆಸುಪಾಸು ಇದ್ದ ಪೆಟ್ರೋಲ್ ಮುಂದಿನ ಬೇಸಿಗೆಗೆ 55 ಸೆಂಟ್ ಆಯಿತು. ಬೆಲೆಗಿಂತ ಕಷ್ಟ ಕೊಟ್ಟದ್ದು ಕ್ಯೂ. ಬೆಳಕು ಹರಿಯುವ ಮೊದಲೇ ಬಂಕ್ ಮುಂದೆ ಕಾರುಗಳ ಸಾಲು, ಥೇಟ್ ನಮ್ಮೂರ ಸೀಮೆಎಣ್ಣೆ ಕ್ಯೂ ಥರ. 1974ರ ಫೆಬ್ರವರಿಯಲ್ಲಿ ನ್ಯೂಜೆರ್ಸಿ ಸರ್ಕಾರ ಸಮ-ಬೆಸ ನಿಯಮ ತಂದಿತು. ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವಾದರೆ ಬೆಸ ತಾರೀಕಿಗೆ ಮಾತ್ರ ಪೆಟ್ರೋಲ್. ಇಡೀ ದೇಶಕ್ಕೆ ಗಂಟೆಗೆ 55 ಮೈಲಿ ವೇಗದ ಮಿತಿ ಬಂತು. ವಿದ್ಯುತ್ ಉಳಿಸಲಿಕ್ಕೆ ಅಂತ 1974ರ ಜನವರಿಯಲ್ಲೇ ಗಡಿಯಾರ ಒಂದು ಗಂಟೆ ಮುಂದೆ ಹಾಕಿದರು. ಮಕ್ಕಳು ಟಾರ್ಚ್ ಹಿಡಿದುಕೊಂಡು ಕತ್ತಲಲ್ಲಿ ಶಾಲಾ ಬಸ್ಸಿಗೆ ನಿಲ್ಲುತ್ತಿದ್ದರು. ನಾನು ಕಲ್ಪಿಸಿಕೊಂಡು ಬಂದ ಅಮೆರಿಕ ಇದಾಗಿರಲಿಲ್ಲ!

ಆದರೆ ಆ ಕಾಲ ಹೇಗಿತ್ತು ಅಂತ ನಿಜವಾಗಿ ಅರ್ಥವಾಗಬೇಕಾದರೆ ಫೋನ್ ವಿಷಯ ಹೇಳಬೇಕು. ಮನೆಯ ಫೋನ್ ನಮ್ಮದಲ್ಲ, ಕಂಪನಿಯದು. ತಿಂಗಳು ತಿಂಗಳು ಬಾಡಿಗೆ. ಮಲಗುವ ಕೋಣೆಗೆ ಇನ್ನೊಂದು ಬೇಕೆಂದರೆ ಅದಕ್ಕೆ ಬೇರೆ ಬಾಡಿಗೆ. ಕೆಟ್ಟರೆ ಮಾತ್ರ ಅವರೇ ಬಂದು ಸರಿ ಮಾಡುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ. ಅಷ್ಟಾಗಿ ಕೆಡುತ್ತಲೂ ಇರಲಿಲ್ಲ ಬಿಡಿ, ಎತ್ತಿ ಹಾಕಿದರೆ ನೆಲ ಒಡೆಯಬೇಕು ಅಂಥ ಗಟ್ಟಿ ಸಾಮಾನು. ಅಡುಗೆಮನೆ ಗೋಡೆಗೆ ಫೋನ್, ಅದಕ್ಕೆ ಮಾರುದ್ದದ ಸುರುಳಿ ವೈರು. ಪಕ್ಕದ ಮನೆಯಾಕೆ ರಿಸೀವರನ್ನು ಕುತ್ತಿಗೆಗೆ ಒತ್ತಿಕೊಂಡು ಒಲೆ, ಸಿಂಕ್, ಫ್ರಿಜ್ ಎಲ್ಲ ಸುತ್ತುತ್ತಿದ್ದಳು. ಮಕ್ಕಳು ಆ ವೈರಿನ ಕೆಳಗೆ ನುಸುಳಿಕೊಂಡು ಓಡಾಡುತ್ತಿದ್ದವು.

ದೂರದ ಊರಿಗೆ ಮಾತಾಡಬೇಕೆಂದರೆ ಗಡಿಯಾರ ನೋಡಬೇಕು. ಹಗಲು ದರ ಜಾಸ್ತಿ, ಸಂಜೆ ಐದರ ಮೇಲೆ ಕಮ್ಮಿ, ರಾತ್ರಿ ಹನ್ನೊಂದರ ಮೇಲೆ ಇನ್ನೂ ಕಮ್ಮಿ. ಹಾಗಾಗಿ ಕ್ಷೇಮ ಸಮಾಚಾರವೆಲ್ಲ ನಿದ್ದೆಗಣ್ಣಲ್ಲೇ. ಆಪರೇಟರ್ ಮೂಲಕ ಇಂಥವರೇ ಬೇಕು ಅಂತ ಹೆಸರು ಹೇಳಿ ಕಾಲ್ ಮಾಡಿದರೆ, ಅವರು ಸಿಗದಿದ್ದರೆ ಚಾರ್ಜ್ ಇಲ್ಲ. ಇದನ್ನು ಉಪಯೋಗಿಸಿಕೊಳ್ಳದೆ ಬಿಡ್ತಾರಾ? ಅಮೆರಿಕನ್ನರೂ ಮಾಡುತ್ತಿದ್ದರು, ನಾವೂ ಮಾಡಿದೆವು. ನಮ್ಮ ಮನೆಗೆ ಬಂದುಹೋದ ಗೆಳೆಯ ಬಫಲೋ ತಲುಪಿದ ಮೇಲೆ ಫೋನ್ ಬರುತ್ತಿತ್ತು. ಆಪರೇಟರ್ ಹೆಣಗಾಡಿಕೊಂಡು, "ಮಿಸ್ಟರ್ ಸೇರಿದೆವು ರಾವ್ ಇದ್ದಾರಾ?" ಅನ್ನುತ್ತಿದ್ದಳು. "ಇಲ್ಲಮ್ಮ, ಅವರಿಲ್ಲ." ಸುದ್ದಿ ಮುಟ್ಟಿತು, ಖರ್ಚು ಸೊನ್ನೆ. ದಾರಿಯಲ್ಲಿ ಕಾರು ಕೆಟ್ಟಿದ್ದರೆ "ತಡವಾಗುತ್ತೆ ಮೂರ್ತಿ" ಬೇಕಾಗಿರುತ್ತಿದ್ದರು.

ಭಾರತಕ್ಕೆ ಫೋನ್ ಮಾಡುವುದು ಹಬ್ಬಕ್ಕೋ ಸಾವಿಗೋ ಮಾತ್ರ. ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು. ಲೈನ್ ಸಿಕ್ಕರೆ ಪೂರ್ತಿ ಬೊಬ್ಬೆ. ಊರಲ್ಲಿ ಫೋನ್ ಇದ್ದದ್ದು ಎದುರುಮನೆಯವರಿಗೆ, ಅಮ್ಮನನ್ನು ಕರೆದು ತರುವಷ್ಟರಲ್ಲೇ ಮೀಟರ್ ಓಡಿರುತ್ತಿತ್ತು. ಉಳಿದದ್ದೆಲ್ಲ ನೀಲಿ ಏರೋಗ್ರಾಮ್ (ಮಡಚಿ ಅಂಟಿಸುವ ವಿಮಾನ ಅಂಚೆಯ ಕಾಗದ), ಅಂಚಿನವರೆಗೂ ತುಂಬಿಸಿ ಬರೆದದ್ದು.

ಟಿವಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನ್ಯೂಯಾರ್ಕ್ ಹತ್ತಿರ ಇದ್ದದ್ದರಿಂದ ನಮಗೆ ಆರೇಳು ಚಾನೆಲ್ ಸಿಗುತ್ತಿದ್ದವು, ಎಷ್ಟೋ ಕಡೆ ಮೂರೋ ನಾಲ್ಕೋ ಅಷ್ಟೇ. ಇವತ್ತು ತಪ್ಪಿಸಿಕೊಂಡ ಕಾರ್ಯಕ್ರಮ ಬೇಸಿಗೆಯಲ್ಲಿ ಮರುಪ್ರಸಾರ ಆದರೆ ಆಯ್ತು, ಇಲ್ಲದಿದ್ದರೆ ಇಲ್ಲ. ಸಿಗರೇಟ್ ಹೊಗೆ ಅಂತೂ ಆಫೀಸು, ಹೋಟೆಲು, ವಿಮಾನ ಎಲ್ಲ ಕಡೆ. ಈಗಿನವರಿಗೆ ಒಂದು ದಿನವೂ ತಡೆಯಲಿಕ್ಕಾಗದು.

ಆರಾಮಾಗಿತ್ತಾ ಅಂದರೆ, ಯಾರಿಗೆ ಅನ್ನುವುದರ ಮೇಲೆ ಹೋಗುತ್ತದೆ. ನನ್ನ ಹೆಂಡತಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು, ಒಳ್ಳೆ ಸಂಬಳ. ಒಂದು ದೊಡ್ಡ ಅಂಗಡಿಯಲ್ಲಿ ತನ್ನ ಹೆಸರಿಗೆ ಕ್ರೆಡಿಟ್ ಕಾರ್ಡ್ ಕೇಳಿದಾಗ ಗಂಡನ ಸಹಿ ತನ್ನಿ ಅಂದರು. ಕೊಟ್ಟ ಕಾರ್ಡಿನ ಮೇಲೂ "ಮಿಸೆಸ್" ಅಂತ ಹಾಕಿ ನನ್ನ ಹೆಸರು! ಕ್ರೆಡಿಟ್ ಕೊಡುವಾಗ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುವ ಕಾನೂನು 1974ರ ಅಕ್ಟೋಬರ್‌ನಲ್ಲಿ ಬಂತು, ಜಾರಿಯಾದದ್ದು ಮರುವರ್ಷ. ಆ ಕಾಲವೇ ಚೆನ್ನಾಗಿತ್ತು ಅನ್ನುವ ಗಂಡಸರಿಗೆ ನನ್ನವಳು ಈಗಲೂ ಈ ಕಥೆ ಹೇಳುತ್ತಾಳೆ.

ನನಗೆ ನಿಜಕ್ಕೂ ಇಷ್ಟವಾಗಿದ್ದ ಒಂದು ಸಾಮಾನು ಅಂದರೆ ಟೆಲಿಫೋನ್ ಡೈರೆಕ್ಟರಿ. ದಪ್ಪ ಪುಸ್ತಕ, ಪುಕ್ಕಟೆ ಮನೆಬಾಗಿಲಿಗೆ ಬರುತ್ತಿತ್ತು. ಊರಿನವರ ಹೆಸರು, ವಿಳಾಸ, ನಂಬರ್ ಎಲ್ಲ ಅದರಲ್ಲೇ. ಹೊಸ ಊರಿಗೆ ಹೋದರೆ ಮೊದಲು ಆ ಪುಸ್ತಕ ತಿರುವಿ ರಾವ್, ಮೂರ್ತಿ, ಗೌಡ, ಹೆಗಡೆ, ಶೆಟ್ಟಿ ಅಂತ ಹುಡುಕುತ್ತಿದ್ದೆವು. ರಾವ್‌ಗಳಲ್ಲಿ ಅರ್ಧ ಜನ ಆಂಧ್ರದವರು, ಅದು ಬೇರೆ ಮಾತು. ಗುರುತು ಪರಿಚಯ ಇಲ್ಲದವರಿಗೆ ಫೋನ್ ಮಾಡಿ "ಕನ್ನಡದವರಾ?" ಅಂದರೆ ಸಾಕು, ಮುಂದಿನ ಪ್ರಶ್ನೆ ಊಟಕ್ಕೆ ಯಾವಾಗ ಬರ್ತೀರಿ ಅಂತ. 1977ರ ಜುಲೈ 4ರಂದು ನ್ಯೂಯಾರ್ಕ್ ನಗರದ ಫ್ಲಶಿಂಗ್‌ನ ಗಣೇಶ ದೇವಸ್ಥಾನದಲ್ಲಿ ಪ್ರತಿಷ್ಠೆ ಆಯಿತು. ಅಲ್ಲಿಂದ ಡೈರೆಕ್ಟರಿ ತಿರುವುವ ಕೆಲಸ ಕಮ್ಮಿಯಾಯಿತು. ಭಾನುವಾರ ಸೇತುವೆ ದಾಟಿ ಅಲ್ಲಿಗೆ ಹೋದರೆ ಯಾರು ಹೊಸದಾಗಿ ಬಂದಿದ್ದಾರೆ, ಯಾರಿಗೆ ಮನೆ ಬೇಕು, ಯಾರು ಊರಿಗೆ ಹೊರಟಿದ್ದಾರೆ ಎಲ್ಲ ಚಪ್ಪಲಿ ಬಿಡುವ ಜಾಗದಲ್ಲೇ ಗೊತ್ತಾಗುತ್ತಿತ್ತು.