ಶಿಲುಬೆಯ ಮೇಲೆ "ನನ್ನನ್ನು ಯಾಕೆ ಕೈಬಿಟ್ಟೆ" ಅಂತ ಯೇಸು ಕೂಗಿದ್ದು ನಂಬಿಕೆ ಕಳೆದುಕೊಂಡಿದ್ದಕ್ಕಾ?

ಅಲ್ಲ. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಅನ್ನುವುದು ಬೈಬಲಿನ ಹಾಡುಗಳಲ್ಲಿ ಒಂದಾದ 22ನೇ ಕೀರ್ತನೆಯ ಮೊದಲ ಸಾಲು. ಮಾರ್ಕನ ಸುವಾರ್ತೆ ಅದನ್ನು ಅರಮೇಯ ಮಾತಿನಲ್ಲೇ ಉಳಿಸಿಕೊಂಡಿದೆ: "ಎಲೋಹೀ, ಎಲೋಹೀ, ಲಮಾ ಸಬಕ್ತಾನೀ."

ಆ ಕೀರ್ತನೆಯನ್ನು ಪೂರ್ತಿ ಓದಿ ನೋಡಿ. ನೊಂದವನನ್ನು ಕಂಡವರೆಲ್ಲ ತಲೆಯಾಡಿಸಿ ಗೇಲಿ ಮಾಡುತ್ತಾರೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತದೆ. ಮೈಮೇಲಿನ ಬಟ್ಟೆಗೆ ಚೀಟಿ ಹಾಕುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥದಲ್ಲಿ ಸೈನಿಕರು ಮಾಡಿದ್ದೂ ಅದನ್ನೇ. ಆದರೆ 22ನೇ ವಚನದಿಂದ ದನಿಯೇ ಬದಲಾಗುತ್ತದೆ, ಅಳು ಸ್ತುತಿಯಾಗುತ್ತದೆ. ನೊಂದವನಿಂದ ದೇವರು ಮುಖ ತಿರುಗಿಸಲಿಲ್ಲ, ಅವನ ಮೊರೆ ಕೇಳಿದ ಅನ್ನುತ್ತದೆ 24ನೇ ವಚನ.

ಹಾಗಂತ ಯೇಸು ಸುಮ್ನೆ ಒಂದು ಸಾಲು ಒಪ್ಪಿಸಿದ ಅಂದುಕೊಳ್ಳಬೇಡಿ. ಅದು ನಿಜವಾಗಿ ಒಂಟಿಯಾದವನ ಕೂಗು. ಆದರೂ ಕೂಗಿದ್ದು "ನನ್ನ ದೇವರೇ" ಅಂತಲೇ, ಅಲ್ವಾ? ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಆ "ನನ್ನ" ಅನ್ನುವ ಮಾತು. ಆ ನೋವೂ ಸುಳ್ಳಲ್ಲ: ಸತ್ತು ಎದ್ದುಬಂದ ಮೇಲೂ ಅವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ.

ಶುಭ ಶುಕ್ರವಾರ ಪ್ರಾರ್ಥನೆಗೆ ಮಾತೇ ಹೊರಡದಿದ್ದರೆ ಈ ಕೀರ್ತನೆಯನ್ನು 21ನೇ ವಚನದವರೆಗೆ ಮೆಲ್ಲಗೆ ಓದಿ ನಿಲ್ಲಿಸಿ. ಉಳಿದದ್ದನ್ನು ಈಸ್ಟರ್ ಬೆಳಗ್ಗೆ ಗಟ್ಟಿಯಾಗಿ ಓದಿ.