ಒಳಜೇಬು ಹೊಲಿಸಲಿ, ಆದರೆ ಮೊದಲು ಸಿಮ್ ನೋಡಿಕೊಳ್ಳಿ

ಅಕ್ಟೋಬರ್ ಮೊದಲ ವಾರ ಹುಬ್ಬಳ್ಳಿಯಿಂದ ಜರ್ಮನಿಯ ಫ್ರೈಬುರ್ಗ್‌ಗೆ ಓದಲು ಬರುತ್ತಿದ್ದೀರಿ. 5,000 ಯೂರೋ ನೋಟುಗಳನ್ನೇ ತರಬಹುದಾ, ಅಪ್ಪ ಬನಿಯನ್‌ಗೆ ಒಳಜೇಬು ಹೊಲಿಸಿಕೊಡ್ತೀನಿ ಅಂತಿದ್ದಾರೆ ಎಂದು ಕೇಳಿದ್ದೀರಿ. ಜೇಬು ಹೊಲಿಸಲಿ ಬಿಡಿ, ಅವರಿಗೂ ಸಮಾಧಾನ. ಅಷ್ಟು ದುಡ್ಡು ಮಾತ್ರ ಬೇಡ.

ಬೇಡ ಅನ್ನುವುದಕ್ಕಿಂತ, ತರುವ ಹಾಗೇ ಇಲ್ಲ. ಭಾರತದಿಂದ ಹೊರಡುವಾಗ ನೋಟಿನಲ್ಲಿ 3,000 ಡಾಲರ್ ಬೆಲೆಯಷ್ಟು ವಿದೇಶಿ ಹಣ ಮಾತ್ರ ಒಯ್ಯಬಹುದು. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡಿನಲ್ಲಿ. ರೂಪಾಯಿ ನೋಟು 25,000 ದಾಟಬಾರದು. ಐರೋಪ್ಯ ಒಕ್ಕೂಟದ ಒಳಗೆ ಬರುವಾಗ 10,000 ಯೂರೋ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಸ್ಟಮ್ಸ್‌ಗೆ ಬರೆದು ತಿಳಿಸಬೇಕು. ನಿಮಗೆ ಆ ತಾಪತ್ರಯ ಬರುವುದಿಲ್ಲ.

ನನ್ನ ಪ್ರಕಾರ ಕೈಯಲ್ಲಿ ಐನೂರು ಆರುನೂರು ಯೂರೋ ಸಾಕು. ಇಪ್ಪತ್ತು, ಐವತ್ತರ ನೋಟುಗಳನ್ನೇ ಕೇಳಿ ತೆಗೆದುಕೊಳ್ಳಿ. ಇನ್ನೂರರ ನೋಟು ಹಿಡಿದು ಬೇಕರಿಗೆ ಹೋದರೆ ಮುಖ ನೋಡುತ್ತಾರೆ. ದುಡ್ಡನ್ನು ಏರ್‌ಪೋರ್ಟಿನ ಕೌಂಟರಿನಲ್ಲಿ ಬದಲಾಯಿಸಬೇಡಿ, ಊರಲ್ಲೇ ಮಾಡಿಸಿ ರಸೀದಿ ಇಟ್ಟುಕೊಳ್ಳಿ.

ವೀಸಾಕ್ಕೆಂದು ನೀವು ಬ್ಲಾಕ್ಡ್ ಅಕೌಂಟಿಗೆ (ಖರ್ಚಿನ ದುಡ್ಡು ಇದೆಯೆಂದು ತೋರಿಸಲು ಮೊದಲೇ ಕಟ್ಟುವ ಖಾತೆ) ಹಾಕಿರುವ 11,904 ಯೂರೋ ಆಗಲೇ ಗಡಿ ದಾಟಿ ಕೂತಿದೆ. ಆದರೆ ಅದು ತಿಂಗಳಿಗೆ 992ರಂತೆ ಮಾತ್ರ ಬರುತ್ತದೆ, ಅದೂ ನಿಮ್ಮ ಇಲ್ಲಿನ ಬ್ಯಾಂಕ್ ಖಾತೆ ತೆರೆದ ಮೇಲೆ. ಮನೆ ಸಿಗಬೇಕು, ಓನರ್ ಸಹಿ ಹಾಕಿದ ಪತ್ರ ಸಿಗಬೇಕು, ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆಲ್ಲ ವಾರಗಳೇ ಹಿಡಿಯಬಹುದು. ಆ ನಡುವಿನ ದಿನಗಳಿಗೆ ಬೇಕಾದ ದುಡ್ಡು ಫಾರೆಕ್ಸ್ ಕಾರ್ಡಿನಲ್ಲಿರಲಿ. ಎರಡನೆಯದಾಗಿ ನಿಮ್ಮ ಊರಿನ ಬ್ಯಾಂಕಿನ ಕಾರ್ಡೂ ಇರಲಿ, ಬೇರೆ ಬ್ಯಾಗಿನಲ್ಲಿ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ಆನ್ ಇರುವುದಿಲ್ಲ, ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು.

ಈಗ ಸಿಮ್ ವಿಷಯ. ಎಲ್ಲರಿಗೂ ಜೇಬುಗಳ್ಳರ ಭಯ. ಆದರೆ ಹೊಸದಾಗಿ ಬಂದ ಹುಡುಗರು ಪರದಾಡುವುದನ್ನು ನಾನು ಹೆಚ್ಚು ನೋಡಿರುವುದು ಓಟಿಪಿ ವಿಷಯದಲ್ಲಿ. ಹಳೇ ಸಿಮ್ಮನ್ನು ಮನೆಯಲ್ಲಿ ಅಪ್ಪನ ಫೋನಿಗೆ ಹಾಕಿ ಬರುತ್ತಾರೆ. ನೀವು ಬರುವ ಹೊತ್ತಿಗೆ ಇಲ್ಲಿ ರಾತ್ರಿ ಹತ್ತಾದರೆ ಹುಬ್ಬಳ್ಳಿಯಲ್ಲಿ ಒಂದೂವರೆ. ಹಾಸ್ಟೆಲ್ ಬುಕಿಂಗ್ ಪರದೆಯಲ್ಲಿ ಸೆಕೆಂಡುಗಳು ಇಳಿಯುತ್ತಿರುತ್ತವೆ, ಅಲ್ಲಿ ಅಪ್ಪ ಗೊರಕೆ. ಸಿಮ್ ನಿಮ್ಮ ಜೊತೆಗೇ ಇರಲಿ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಡೇಟಾ ಆಫ್ ಇಡಿ, ರೀಚಾರ್ಜ್ ಅವಧಿ ಮುಗಿಯಲು ಬಿಡಬೇಡಿ.

ಎಟಿಎಂನಲ್ಲಿ ದುಡ್ಡು ತೆಗೆಯುವಾಗ 'ರೂಪಾಯಿ ಲೆಕ್ಕದಲ್ಲಿ ಕೊಡಲೇ' ಎಂದು ಪರದೆ ಕೇಳಬಹುದು. ನಮ್ಮ ದುಡ್ಡೇ ಕಾಣಿಸಿದಾಗ ಬೆರಳು ಅಲ್ಲಿಗೇ ಹೋಗುತ್ತದೆ. ಒತ್ತಬೇಡಿ, ಯೂರೋನೇ ಆರಿಸಿ. ಆ ರೂಪಾಯಿ ದರದಲ್ಲಿ ಅವರ ಲಾಭ ಸೇರಿರುತ್ತದೆ.

ದೊಡ್ಡ ಮೊತ್ತ ಹೋಗುವುದು ಮನೆ ಅಡ್ವಾನ್ಸಿನಲ್ಲಿ. 'ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ' ಎಂದು ಬರೆದರೆ ಅಲ್ಲಿಗೇ ಮಾತು ನಿಲ್ಲಿಸಿ. ಫೋಟೋದಲ್ಲಿ ಮನೆ ಎಷ್ಟು ಚಂದ ಇದೆಯೋ ಅಷ್ಟು ಅನುಮಾನ ಪಡಿ. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಮೂರು ಕಂತಿನಲ್ಲಿ ಕೊಡುವ ಹಕ್ಕೂ ನಿಮಗಿದೆ.

ಇನ್ನು ವಾಟ್ಸಾಪ್ ಗುಂಪುಗಳಲ್ಲಿ ಯಾರೋ 'ನಾನು ಇಲ್ಲಿ ಯೂರೋ ಕೊಡ್ತೀನಿ, ನಿಮ್ಮ ಅಪ್ಪ ಅಲ್ಲಿ ಯುಪಿಐ ಮಾಡಲಿ' ಅನ್ನುತ್ತಾರೆ. ದರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಯೂರೋ ಎಲ್ಲಿಂದ ಬಂತೋ ಯಾರಿಗೆ ಗೊತ್ತು? ಕದ್ದ ದುಡ್ಡು ನಿಮ್ಮ ಖಾತೆಗೆ ಬಂದರೆ ಬ್ಯಾಂಕ್ ಖಾತೆ ಮುಚ್ಚುತ್ತದೆ, ಪೊಲೀಸರು ಪತ್ರ ಕಳಿಸುವುದು ನಿಮಗೇ. ಭಾರತದ ವಿದೇಶಿ ವಿನಿಮಯ ಕಾನೂನು ಫೆಮಾಗೂ ಇದು ಹೊಂದುವುದಿಲ್ಲ. ಹಾಗೆಯೇ 'ಈ ಕವರ್ ನನ್ನ ತಂಗಿಗೆ ಕೊಟ್ಟುಬಿಡಿ' ಅಂದವರ ನಗದನ್ನೂ ಹೊತ್ತು ತರಬೇಡಿ. ಬೇಜಾರಾದರೆ ಆಗಲಿ.

ಬಂದ ಮೇಲೆ ಒಂದು ಭಾನುವಾರ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗೇ ಹೋಗುತ್ತೀರಿ, ಫ್ರೈಬುರ್ಗ್‌ನಿಂದ ಹತ್ತಿರ. ಜರ್ಮನಿಯ ಗಡಿ ಊರು ವೈಲ್ ಆಮ್ ರೈನ್‌ನಿಂದ 8ನೇ ನಂಬರಿನ ಟ್ರಾಮ್ ಹತ್ತಿದರೆ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಸ್ವಿಟ್ಜರ್ಲೆಂಡ್ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಕೂಟ) ಒಳಗಿದ್ದರೂ ಐರೋಪ್ಯ ಒಕ್ಕೂಟದಲ್ಲಿಲ್ಲ, ಹಾಗಾಗಿ ಕಸ್ಟಮ್ಸ್‌ನವರು ಕೇಳಬಹುದು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ಫೋನ್ ಪ್ಲಾನಿನಲ್ಲಿ ಸ್ವಿಟ್ಜರ್ಲೆಂಡ್ ಸೇರಿದೆಯಾ ನೋಡಿಕೊಳ್ಳಿ. ಸೇರಿಲ್ಲದಿದ್ದರೆ ಡೇಟಾ ಬಿಲ್ ದುಬಾರಿ, ಡೇಟಾ ಆಫ್ ಮಾಡಿದರೆ ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ. ಇಲ್ಲಿನ ಕಾರ್ಡ್ ಕಳೆದುಹೋದರೆ ಬ್ಲಾಕ್ ಮಾಡಿಸಲು 116 116, ಜರ್ಮನಿಯ ಹೊರಗಿನಿಂದ ಮುಂದೆ +49 ಸೇರಿಸಿ. ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಅಪ್ಪನ ಒಳಜೇಬಿಗೆ ಆ ಚೀಟಿ ಸರಿಹೋಗುತ್ತದೆ.