ಹುಲ್ಲುಹಾಸು, ಪೆಟ್ರೋಲ್, ಬ್ಯಾಟರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹುಲ್ಲುಹಾಸಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹುಲ್ಲು ಕತ್ತರಿಸುವ ಯಂತ್ರ, ಅಂದರೆ ಮೋವರ್, ಪೆಟ್ರೋಲಿನದು ಒಳ್ಳೆಯದೋ ಬ್ಯಾಟರಿಯದು ಒಳ್ಳೆಯದೋ ಎಂಬ ವಾದಕ್ಕೆ ಸೇರಿದವು. ಲೆಕ್ಕಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಸುಲಭವಾಗಲೆಂದು ಎಲ್ಲ ಉತ್ತರಗಳಲ್ಲೂ 300 ಚದರ ಮೀಟರ್, ಅಂದರೆ ಸುಮಾರು 3,200 ಚದರ ಅಡಿಯ ಹುಲ್ಲುಹಾಸನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ಜಾಗ ಇದರ ಅರ್ಧವಾದರೆ ಅಂಕಿಗಳನ್ನೂ ಅರ್ಧ ಮಾಡಿಕೊಳ್ಳಿ.

ಪ್ರಶ್ನೆ: ಬ್ಯಾಟರಿ ಮೋವರ್ ಹೊಗೆ ಉಗುಳುವುದಿಲ್ಲ ಅನ್ನುತ್ತಾರೆ. ಆದರೆ ಅದಕ್ಕೆ ಬೇಕಾದ ಕರೆಂಟು ಕಲ್ಲಿದ್ದಲು ಸುಟ್ಟೇ ಬರುವುದಾದರೆ, ಹೊಗೆ ನಮ್ಮ ಅಂಗಳ ಬಿಟ್ಟು ಇನ್ನೊಬ್ಬರ ಊರಿಗೆ ಹೋಯಿತು, ಅಷ್ಟೇ ಅಲ್ಲವೇ?

ಉತ್ತರ: ಹೊಗೆ ಜಾಗ ಬದಲಿಸುವುದು ನಿಜ. ಆದರೆ ಅಷ್ಟೇ ಪ್ರಮಾಣದಲ್ಲಿ ಹೋಗುವುದಿಲ್ಲ, ಕಡಿಮೆಯಾಗಿ ಹೋಗುತ್ತದೆ. 300 ಚದರ ಮೀಟರ್ ಕತ್ತರಿಸಲು ಸಾಧಾರಣ ಪೆಟ್ರೋಲ್ ಮೋವರ್ ಅರ್ಧ ಗಂಟೆಯಲ್ಲಿ ಸುಮಾರು 0.4 ಲೀಟರ್ ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಒಂದು ಸಲದ ಕತ್ತರಿಕೆಗೆ ಸುಮಾರು 0.9 ಕೆ.ಜಿ. ಆಯಿತು. ಅದೇ ಜಾಗಕ್ಕೆ ಬ್ಯಾಟರಿ ಮೋವರ್‌ಗೆ ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ ಸುಮಾರು 0.22 ಯೂನಿಟ್ ಕರೆಂಟು ಸಾಕು. ಹಳೆಯ ಕಲ್ಲಿದ್ದಲು ಸ್ಥಾವರದ ಯೂನಿಟ್‌ಗೆ 1 ಕೆ.ಜಿ. ಎಂದೇ ಹಿಡಿದರೂ 0.22 ಕೆ.ಜಿ. ದಾಟುವುದಿಲ್ಲ. ಅಂದರೆ ಪೂರ್ತಿ ಕಲ್ಲಿದ್ದಲಿನ ಕರೆಂಟಿನಲ್ಲೂ ನಾಲ್ಕನೆಯ ಒಂದು ಭಾಗ.

ಇಷ್ಟು ಅಂತರ ಯಾಕೆಂದರೆ, ಪೆಟ್ರೋಲ್ ಎಂಜಿನ್ ಹುಲ್ಲು ದಟ್ಟವಾಗಿದ್ದರೂ ತೆಳುವಾಗಿದ್ದರೂ ನಿಮಿಷಕ್ಕೆ 3,000 ಸುತ್ತಿನ ಆಸುಪಾಸಿನಲ್ಲೇ ತಿರುಗುತ್ತಿರುತ್ತದೆ. ಹೊರೆ ಕಡಿಮೆ ಇದ್ದಾಗ ಅದರ ದಕ್ಷತೆ ಪಾತಾಳಕ್ಕಿಳಿಯುತ್ತದೆ, ಪೆಟ್ರೋಲಿನ ಹೆಚ್ಚಿನ ಭಾಗ ಬರೀ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ಬ್ಲೇಡಿಗೆ ಎಷ್ಟು ಹೊರೆ ಬಿತ್ತೋ ಅಷ್ಟನ್ನೇ ಎಳೆದುಕೊಳ್ಳುತ್ತದೆ. ತಿರುಗುವಾಗ ಕೈಬಿಟ್ಟರೆ ನಿಂತುಬಿಡುತ್ತದೆ.

ಇನ್ನು ಡೈಆಕ್ಸೈಡ್ ಒಂದೇ ಲೆಕ್ಕವಲ್ಲ. ಕಾರಿನ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಸಾಮಾನ್ಯ ಮೋವರಿನಲ್ಲಿ ಇರುವುದಿಲ್ಲ. ಕಾರ್ಬನ್ ಮೊನಾಕ್ಸೈಡ್, ಅರೆಬೆಂದ ಪೆಟ್ರೋಲಿನ ಆವಿ ಎಲ್ಲವೂ ಹಿಡಿಕೆ ಹಿಡಿದವರ ಮೂಗಿನ ಎರಡು ಮೀಟರ್ ದೂರದಲ್ಲೇ ಹೊರಬೀಳುತ್ತವೆ. ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಯಂತ್ರವಾದರೆ ಇನ್ನೂ ಕೆಟ್ಟದ್ದು: ಹಾಕಿದ ಇಂಧನದ ಕಾಲು ಭಾಗದಷ್ಟು ಉರಿಯದೆಯೇ ಹೊರಗೆ ಹೋಗಬಲ್ಲದು. ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿ, 2024ರ ಮಾದರಿಯಿಂದ ಹೊಸ ಮೋವರ್‌ಗಳು ಹೊಗೆ ಬಿಡಬಾರದೆಂದು ನಿಯಮ ತಂದದ್ದಕ್ಕೆ ಈ ಆವಿಗಳೇ ಮುಖ್ಯ ಕಾರಣ. ಹಳೆಯ ಯಂತ್ರ ಬಳಸಲು ಅಲ್ಲೂ ಅಡ್ಡಿಯಿಲ್ಲ.

ಪ್ರಶ್ನೆ: ಹಾಗಾದರೆ ಚೆನ್ನಾಗಿರುವ ಹಳೆಯ ಪೆಟ್ರೋಲ್ ಮೋವರನ್ನು ಈಗಲೇ ಬದಲಾಯಿಸಬೇಕೆ? ಅದರದ್ದು ಒಂದೇ ತಕರಾರು, ಕೆಲವು ತಿಂಗಳು ಸುಮ್ಮನಿಟ್ಟರೆ ಸ್ಟಾರ್ಟ್ ಆಗುವುದಿಲ್ಲ.

ಉತ್ತರ: ವರ್ಷಕ್ಕೆ ಎಷ್ಟು ಸಲ ಕತ್ತರಿಸುತ್ತೀರಿ ಎಂಬುದರ ಮೇಲೆ ನಿರ್ಧರಿಸಿ. ಲಿಥಿಯಂ ಬ್ಯಾಟರಿ ತಯಾರಿಸುವಾಗ ಅದರ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ ಹತ್ತಿರಹತ್ತಿರ 60ರಿಂದ 100 ಕೆ.ಜಿ. ಡೈಆಕ್ಸೈಡ್ ಹೊರಬರುತ್ತದೆ. ಮೋವರಿನ 0.28 ಯೂನಿಟ್ ಬ್ಯಾಟರಿಗೆ ಇದು 17ರಿಂದ 28 ಕೆ.ಜಿ. ಪ್ರತಿ ಕತ್ತರಿಕೆಯಲ್ಲಿ ಉಳಿಯುವುದು ಸುಮಾರು 0.7 ಕೆ.ಜಿ. ಆದ್ದರಿಂದ 25ರಿಂದ 40 ಕತ್ತರಿಕೆಗಳಲ್ಲಿ ಬ್ಯಾಟರಿಯ ಸಾಲ ತೀರುತ್ತದೆ. ವಾರಕ್ಕೊಮ್ಮೆ ಕತ್ತರಿಸುವವರಿಗೆ ಒಂದು ವರ್ಷ ಸಾಕು. ವರ್ಷಕ್ಕೆ ಎಂಟು ಸಲ ಮಾತ್ರ ಹೊರತೆಗೆಯುವವರಿಗೆ ಬ್ಯಾಟರಿಯ ಆಯುಸ್ಸಿನ ಬಹುಪಾಲು ಅದಕ್ಕೇ ಹೋಗುತ್ತದೆ. ಅಂಥವರು ಫೋರ್-ಸ್ಟ್ರೋಕ್ ಯಂತ್ರವನ್ನು ಸುಸ್ಥಿತಿಯಲ್ಲಿಟ್ಟು ಅದು ಸವೆಯುವವರೆಗೆ ಬಳಸುವುದೇ ಸರಿ. ಟೂ-ಸ್ಟ್ರೋಕ್ ಇದ್ದರೆ ಮಾತ್ರ ಕಾಯಬೇಡಿ.

ಸ್ಟಾರ್ಟ್ ಆಗದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಹಳಸಿದ ಪೆಟ್ರೋಲೇ ಕಾರಣ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಉಳಿದ ಪೆಟ್ರೋಲ್ ಆರುತ್ತ ಅಂಟಾಗಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ಸೂಜಿಮೊನೆಯಷ್ಟಿರುವ ರಂಧ್ರವನ್ನು ಮುಚ್ಚುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ. ಹಳೆಯ ಪೆಟ್ರೋಲನ್ನು ಪೂರ್ತಿ ಬಸಿಯಿರಿ. ಕಾರ್ಬುರೇಟರಿನ ಕೆಳಗಿನ ಬಟ್ಟಲನ್ನು ಹಿಡಿದಿರುವ ಒಂದೇ ಬೋಲ್ಟ್ ಬಿಚ್ಚಿ. ಹಲವು ಯಂತ್ರಗಳಲ್ಲಿ ಜೆಟ್ಟಿನ ರಂಧ್ರ ಆ ಬೋಲ್ಟಿನಲ್ಲೇ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ, ಆಚೆಯ ಬೆಳಕು ಕಾಣಬೇಕು. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ನೈಲಾನ್ ಎಳೆಯಿಂದ ಬಿಡಿಸಿ. ಗಟ್ಟಿ ತಂತಿ ಹಾಕಿದರೆ ರಂಧ್ರ ಅಗಲವಾಗಿ ಯಂತ್ರ ಕಾಯಂ ಆಗಿ ಕರಿಹೊಗೆ ಬಿಡಲು ಶುರುಮಾಡುತ್ತದೆ. ಪ್ಲಗ್ಗಿನ ಅಂತರ 0.7ರಿಂದ 0.8 ಮಿ.ಮೀ. ಇರಲಿ. ಎಂಜಿನ್ ಆಯಿಲ್ 0.5ರಿಂದ 0.6 ಲೀಟರ್ ಹಿಡಿಯುತ್ತದೆ, 50 ಗಂಟೆಗೊಮ್ಮೆ ಬದಲಿಸಿ. ಗುರುತು ದಾಟಿ ತುಂಬಿದರೆ ಬಿಳಿಹೊಗೆ ಬರುತ್ತದೆ. ಯಂತ್ರ ವಾಲಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಆಯಿಲ್ ಆ ಫಿಲ್ಟರಿಗೆ ಇಳಿದು ಉಸಿರು ಕಟ್ಟುತ್ತದೆ.

ಇದೆಲ್ಲ ಸರಿಯಿದ್ದೂ ಹಗ್ಗ ಎಳೆದಾಗ ಕೈಯಿಂದ ಹಿಂದಕ್ಕೆ ಕಿತ್ತುಕೊಂಡರೆ, ಬ್ಲೇಡ್ ಯಾವಾಗಲೋ ಕಲ್ಲಿಗೆ ಬಡಿದಿದೆ ಎಂದರ್ಥ. ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲನ್ನು ಅಚ್ಚಿಗೆ ಕಚ್ಚಿಸಿಡುವ ಪುಟ್ಟ ಕೀ ಅರ್ಧ ತುಂಡಾಗಿ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿರುತ್ತದೆ. ಹೊಸ ಕೀ ಹಾಕಿದರೆ ಮುಗಿಯಿತು.

ತಿಂಗಳಿಗಿಂತ ಹೆಚ್ಚು ಕಾಲ ಇಡುವುದಾದರೆ ಪೆಟ್ರೋಲ್ ಬಸಿದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಹೆಚ್ಚಿನ ಸಣ್ಣ ಎಂಜಿನ್‌ಗಳನ್ನು ಶೇ 10ರವರೆಗಿನ ಎಥನಾಲಿಗೆ ಮಾತ್ರ ರೂಪಿಸಿರುತ್ತಾರೆ, ಕೈಪಿಡಿಯಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ‘40 ವೋಲ್ಟ್, 4 ಆಂಪಿಯರ್-ಅವರ್’ ಬ್ಯಾಟರಿಯ ಮೋವರ್ ಅರ್ಧ ಕೆಲಸಕ್ಕೇ ನಿಲ್ಲುತ್ತದೆ. ಚಾರ್ಜರಿಗೆ ಹಾಕಿದರೆ ಅದು ಚಾರ್ಜೂ ಮಾಡುವುದಿಲ್ಲ. ಬ್ಯಾಟರಿ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. 40 ವೋಲ್ಟ್ ಎಂಬುದು ಪೂರ್ತಿ ಚಾರ್ಜ್ ಆದ ಕ್ಷಣದ ಅಂಕಿ, ಒಳಗಿರುವುದು 3.6 ವೋಲ್ಟಿನ ಹತ್ತು ಸೆಲ್‌ಗಳ ಸಾಲು. ಆದ್ದರಿಂದ 36 ಗುಣಿಸು 4, ಅಂದರೆ 144 ವ್ಯಾಟ್-ಅವರ್ (1,000 ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). 300 ಚದರ ಮೀಟರಿಗೆ ಒಣ, ಗಿಡ್ಡ ಹುಲ್ಲಿನಲ್ಲೇ 150ರಿಂದ 200 ಬೇಕು, ಒದ್ದೆ ಅಥವಾ ಎತ್ತರದ ಹುಲ್ಲಿಗೆ ಅದರ ಇಮ್ಮಡಿ ಬೇಕಾಗಬಹುದು. ಹಾಗಾಗಿ ಎರಡನೆಯ ಬ್ಯಾಟರಿ ಅಥವಾ ದೊಡ್ಡ ಬ್ಯಾಟರಿ ನಿಮಗೆ ಬೇಕೇ ಬೇಕು. ಕೊಳ್ಳುವಾಗ ವೋಲ್ಟ್ ನೋಡಿ ಮರುಳಾಗಬೇಡಿ, ವ್ಯಾಟ್-ಅವರ್ ಕೇಳಿ.

ಚಾರ್ಜ್ ಆಗದಿರುವುದು ಬಿಸಿಯಿಂದ. ಸೆಲ್‌ಗಳು ಸುಮಾರು 45 ಡಿಗ್ರಿಗಿಂತ ಬಿಸಿಯಿದ್ದರೆ ಚಾರ್ಜರ್ ಒಪ್ಪುವುದಿಲ್ಲ. ನೆರಳಿನಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ಹಾಕಿ. ಎತ್ತರದ ಹುಲ್ಲಿದ್ದರೆ ಮೊದಲು ಮೇಲಿನ ಮಟ್ಟದಲ್ಲಿ ಒಂದು ಸುತ್ತು, ಎರಡು ಮೂರು ದಿನ ಬಿಟ್ಟು ಕೆಳಗಿನ ಮಟ್ಟದಲ್ಲಿ ಇನ್ನೊಂದು ಸುತ್ತು ಹೊಡೆಯಿರಿ. ಬ್ಯಾಟರಿ ಕಳಚಿ ಯಂತ್ರದ ಹೊಟ್ಟೆಯೊಳಗೂ ಒಮ್ಮೆ ನೋಡಿ: ಅಲ್ಲಿ ಒದ್ದೆ ಹುಲ್ಲು ಬೆರಣಿಯಂತೆ ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಬ್ಲೇಡ್ ಅದನ್ನು ಉಜ್ಜಿಕೊಂಡೇ ತಿರುಗುತ್ತಿರುತ್ತದೆ. ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ತಿಂಗಳುಗಟ್ಟಲೆ ಬಳಸದಿದ್ದಾಗ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಿ. ಪೂರ್ತಿ ತುಂಬಿಸಿ ಬಿಸಿಲು ಬೀಳುವ ಶೆಡ್ಡಿನಲ್ಲಿಟ್ಟರೆ ಸಾಮರ್ಥ್ಯ ಬೇಗ ಕರಗುತ್ತದೆ.

ಪ್ರಶ್ನೆ: ಕತ್ತರಿಸಿದ ಮಾರನೆಯ ದಿನ ಇಡೀ ಹಾಸಿನ ಮೇಲೆ ಕಂದು ಬಣ್ಣ ಬರುತ್ತದೆ. ಯೂರಿಯಾ ಸಾಲದೇ?

ಉತ್ತರ: ದಯವಿಟ್ಟು ಯೂರಿಯಾ ಚೀಲಕ್ಕೆ ಕೈಹಾಕುವ ಮುಂಚೆ ಒಂದು ಎಸಳು ಕಿತ್ತು ತುದಿ ನೋಡಿ. ಕತ್ತರಿಯಲ್ಲಿ ಕತ್ತರಿಸಿದ ಕಾಗದದಂತೆ ನೇರವಾಗಿದೆಯೇ, ಅಥವಾ ಹಳೆಯ ಗೋಣಿಚೀಲದ ಅಂಚಿನಂತೆ ಬಿಳಿ ನಾರುಗಳು ಎದ್ದು ನಿಂತಿವೆಯೇ? ನಾರು ಕಂಡರೆ ಬ್ಲೇಡ್ ಮೊಂಡಾಗಿದೆ, ಹುಲ್ಲನ್ನು ಕತ್ತರಿಸದೆ ಹರಿಯುತ್ತಿದೆ. ಆ ನಾರೇ ಒಣಗಿ ಕಂದಾಗುವುದು. 20–25 ಗಂಟೆ ಓಡಿದ ಮೇಲೆ ಬ್ಲೇಡ್ ಕಳಚಿ, ಮೊದಲಿದ್ದ ಇಳಿಜಾರಿನಲ್ಲೇ, ಸುಮಾರು 30 ಡಿಗ್ರಿಯಲ್ಲಿ, ಅರದಿಂದ ಉಜ್ಜಿ. ಎರಡೂ ತುದಿಗೆ ಒಂದೇ ಎಣಿಕೆಯ ಉಜ್ಜು ಕೊಡಿ. ನಡುವಿನ ತೂತನ್ನು ಗೋಡೆಯ ಮೊಳೆಗೆ ತಗುಲಿಸಿದಾಗ ಬ್ಲೇಡ್ ಅಡ್ಡಡ್ಡ ನಿಲ್ಲಬೇಕು. ವಾಲಿದ ಕಡೆ ಇನ್ನಷ್ಟು ಉಜ್ಜಿ. ತೂಕ ಸಮವಿಲ್ಲದ ಬ್ಲೇಡ್ ನಡುಗಿ ಮೋಟಾರಿನ ಬೇರಿಂಗ್ ತಿನ್ನುತ್ತದೆ.

ತುದಿ ನೇರವಾಗಿದ್ದೂ ಹಾಸು ಕಂದಾದರೆ ತೀರಾ ಕೆಳಗೆ ಬೋಳಿಸಿದ್ದೀರಿ, ಕಾಣುತ್ತಿರುವುದು ಬಿಸಿಲೇ ಕಾಣದ ಕಾಂಡ. ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು: 6 ಸೆಂ.ಮೀ. ಬೇಕಿದ್ದರೆ 9 ಆಗುವಷ್ಟರಲ್ಲಿ ಕತ್ತರಿಸಿ. ಗರಿಕೆ ಜಾತಿಗೆ 2.5ರಿಂದ 5 ಸೆಂ.ಮೀ., ಅಗಲ ಎಲೆಯ ಸೇಂಟ್ ಅಗಸ್ಟೀನ್‌ಗೆ 6ರಿಂದ 9, ಎತ್ತರದ ಫೆಸ್ಕ್ಯೂಗೆ 7ರಿಂದ 9. ಯಂತ್ರದ ಸನ್ನೆಯ ಮೇಲಿನ 1, 2, 3 ಸೆಂಟಿಮೀಟರ್ ಅಲ್ಲ. ಬ್ಯಾಟರಿಯನ್ನೋ ಪ್ಲಗ್ ವೈರನ್ನೋ ಕಳಚಿ, ಸಮನೆಲದಿಂದ ಬ್ಲೇಡಿನ ತುದಿಗೆ ಸ್ಕೇಲ್ ಹಿಡಿದು ಅಳೆಯಿರಿ.

ಯೂರಿಯಾದ ವಿಷಯ. 100 ಚದರ ಮೀಟರಿಗೆ 1 ಕೆ.ಜಿ. ವಾಡಿಕೆಯ ಪ್ರಮಾಣ, ಹಾಗಾದರೆ ನಮ್ಮ ಹುಲ್ಲುಹಾಸಿಗೆ 3 ಕೆ.ಜಿ. ಅದರಲ್ಲಿ ಶೇ 46 ಸಾರಜನಕ. ಅದರ ನೂರರಲ್ಲಿ ಒಂದು ಪಾಲು ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಆಗಿ ಮೇಲೇಳುತ್ತದೆ ಎಂಬುದು ಹವಾಮಾನ ಸಮಿತಿ ಐಪಿಸಿಸಿಯ ಸಾಮಾನ್ಯ ಲೆಕ್ಕ. ಈ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಡೈಆಕ್ಸೈಡಿನ 273 ಪಟ್ಟು. ಯೂರಿಯಾ ಕರಗುವಾಗ ಬಿಡುವ ಡೈಆಕ್ಸೈಡೂ ಸೇರಿದರೆ 3 ಕೆ.ಜಿ.ಗೆ ಸುಮಾರು 8 ಕೆ.ಜಿ. ಆಯಿತು. ಕಾರ್ಖಾನೆಯಲ್ಲಿ ಉರಿದ ಅನಿಲ ಇದರಲ್ಲಿ ಸೇರಿಲ್ಲ. ಒಂದು ಸಲ ಯೂರಿಯಾ ಎರಚಿದ್ದು ಪೆಟ್ರೋಲ್ ಮೋವರಿನಲ್ಲಿ ಹತ್ತಿರಹತ್ತಿರ ಒಂಬತ್ತು ಸಲ ಕತ್ತರಿಸಿದ್ದಕ್ಕೆ ಸಮ! ಮೇಲಾಗಿ ಹುಲ್ಲು ಸೊಕ್ಕಿ ಬೆಳೆದು ಇನ್ನೂ ಹೆಚ್ಚು ಸಲ ಕತ್ತರಿಸುವ ಕೆಲಸ. ಕತ್ತರಿಸಿದ ಹುಲ್ಲನ್ನು ಚೀಲದಲ್ಲಿ ಹಿಡಿಯದೆ ಅಲ್ಲೇ ಬಿಡಿ. ಹಾಸಿನ ವಾರ್ಷಿಕ ಸಾರಜನಕದ ಕಾಲು ಭಾಗ ಅದರಿಂದಲೇ ವಾಪಸ್ ಬರುತ್ತದೆ. ಅದರಲ್ಲಿ ಶೇ 80ಕ್ಕಿಂತ ಹೆಚ್ಚು ನೀರು, ಬೇಗ ಕೊಳೆಯುತ್ತದೆ. ಮುದ್ದೆಯಾಗಿ ಬಿದ್ದಿದ್ದರೆ ಮಾತ್ರ ಹರಡಿ.

ಪ್ರಶ್ನೆ: ಎಂಜಿನ್ನೂ ಬೇಡ, ಬ್ಯಾಟರಿಯೂ ಬೇಡ. ಕೈಯಿಂದ ತಳ್ಳುವ ಸಿಲಿಂಡರ್ ಮೋವರ್ ಸಾಕಾಗುತ್ತದೆಯೇ?

ಉತ್ತರ: 150 ಚದರ ಮೀಟರಿನವರೆಗೆ ಆರಾಮಾಗಿ ಸಾಕು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್, ಬಟ್ಟೆಯ ಮೇಲಿನ ನವಿರು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ರೂಪಿಸಿದ ವಿನ್ಯಾಸವೇ ಇಂದಿಗೂ ಇದೆ. ಕತ್ತರಿಯಂತೆ ಎರಡು ಅಲಗುಗಳ ನಡುವೆ ಹುಲ್ಲು ಸಿಕ್ಕಿ ತುಂಡಾಗುವುದರಿಂದ ತುದಿ ಬಹಳ ಚೊಕ್ಕ. ಸಿಲಿಂಡರನ್ನು ಕೈಗವಸು ಹಾಕಿಕೊಂಡು ನಿಧಾನ ತಿರುಗಿಸಿ, ಒಂದು ಪಟ್ಟಿ ಕಾಗದ ಕೊಟ್ಟು ನೋಡಿ. ಉದ್ದಕ್ಕೂ ಕತ್ತರಿಸಬೇಕು. ಮಡಚಿಕೊಂಡರೆ ಎರಡೂ ತುದಿಯ ತಿರುಪುಗಳನ್ನು ಕಾಲು ಕಾಲು ಸುತ್ತು ಬಿಗಿಮಾಡಿ. 10 ಸೆಂ.ಮೀ. ದಾಟಿದ ಹುಲ್ಲು ಮಾತ್ರ ಇದಕ್ಕೆ ಬಗ್ಗುತ್ತದೆಯೇ ಹೊರತು ತುಂಡಾಗುವುದಿಲ್ಲ.

ಪ್ರಶ್ನೆ: ಚಾವಣಿಯ ಸೌರಫಲಕದಿಂದಲೇ ಮೋವರ್ ಚಾರ್ಜ್ ಮಾಡುತ್ತೇನೆ. ಆದರೆ ಫಲಕ ತಯಾರಿಸಲು ಬೇಕಾಗುವ ಶಕ್ತಿ ಅದು ಕೊಡುವುದಕ್ಕಿಂತ ಹೆಚ್ಚು ಎನ್ನುತ್ತಾರೆ. ನಿಜವೇ?

ಉತ್ತರ: ಇಲ್ಲ. ಹಾಕಿದ ಶಕ್ತಿ ಒಂದರಿಂದ ಮೂರು ವರ್ಷದೊಳಗೆ ಮರಳಿ ಬರುತ್ತದೆ, ಫಲಕ 25 ವರ್ಷ ದುಡಿಯುತ್ತದೆ. ತಯಾರಿಕೆಯಿಂದ ಹಿಡಿದು ಎಲ್ಲವನ್ನೂ ಸೇರಿಸಿ ಐಪಿಸಿಸಿಯ 2014ರ ವರದಿ ಕೊಟ್ಟ ನಡುವಣ ಅಂಕಿಗಳು ಯೂನಿಟ್‌ಗೆ ಹೀಗಿವೆ: ಕಲ್ಲಿದ್ದಲು 820 ಗ್ರಾಂ, ನೈಸರ್ಗಿಕ ಅನಿಲ 490, ಚಾವಣಿ ಸೌರ 41, ಜಲವಿದ್ಯುತ್ 24, ಪರಮಾಣು 12, ಗಾಳಿ 11.

ಆದರೆ ಆ ಫಲಕಕ್ಕೆ ಮೋವರಿಗಿಂತ ದೊಡ್ಡ ಕೆಲಸ ಇದೆ, ಅದು ಪಂಪು. ಮಳೆಯಿಲ್ಲದ ವಾರದಲ್ಲಿ ಹುಲ್ಲುಹಾಸಿಗೆ 25 ಮಿ.ಮೀ. ನೀರು ಕೊಟ್ಟರೆ 7,500 ಲೀಟರ್. 100 ಮೀಟರ್ ಆಳದಿಂದ ಅಷ್ಟನ್ನು ಎತ್ತಲು, ಪಂಪಿನ ದಕ್ಷತೆ ಶೇ 45 ಎಂದು ಹಿಡಿದರೆ, ಸುಮಾರು 4.5 ಯೂನಿಟ್ ಬೇಕು. ಕತ್ತರಿಸಲು ಬೇಕಾದ 0.22 ಯೂನಿಟ್ಟಿನ ಇಪ್ಪತ್ತು ಪಟ್ಟು. ಹುಲ್ಲನ್ನು ಅದರ ಜಾತಿಗೆ ಹೇಳಿದ ಗರಿಷ್ಠ ಎತ್ತರದಲ್ಲಿ ಬಿಟ್ಟರೆ ಬೇರು ಆಳಕ್ಕಿಳಿಯುತ್ತದೆ, ಮಣ್ಣಿಗೆ ನೆರಳೂ ಸಿಗುತ್ತದೆ, ನೀರು ಕಡಿಮೆ ಸಾಕು.

ಸ್ಪ್ರಿಂಕ್ಲರ್ ಎಷ್ಟು ಹಾಕುತ್ತಿದೆ ಎಂದು ತಿಳಿಯಲು ನೇರ ಅಂಚಿನ ಆರೇಳು ಖಾಲಿ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು 20 ನಿಮಿಷ ಬಿಡಿ, ಸ್ಕೇಲ್ ಇಳಿಸಿ ಅಳೆಯಿರಿ. 5 ಮಿ.ಮೀ. ನಿಂತಿದ್ದರೆ 25ಕ್ಕೆ 100 ನಿಮಿಷ. ಒಂದು ಡಬ್ಬಿಯಲ್ಲಿ 8, ಇನ್ನೊಂದರಲ್ಲಿ 2 ಇದ್ದರೆ ಸಮಯ ಹೆಚ್ಚಿಸಬೇಡಿ, ಸ್ಪ್ರಿಂಕ್ಲರಿನ ಜಾಗ ಬದಲಿಸಿ. ಸೌರಫಲಕ ಚೆನ್ನಾಗಿ ದುಡಿಯುವುದು ನಡುಹಗಲು, ಹುಲ್ಲಿಗೆ ನೀರು ಬೇಕಾದದ್ದು ಬೆಳಗಿನ ಜಾವ. ಹಾಸನ್ನು ಮೂರು ಭಾಗ ಮಾಡಿಕೊಂಡು, ಮಧ್ಯಾಹ್ನ ಪಂಪು ಓಡಿಸಿ 2,500 ಲೀಟರಿನ ತೊಟ್ಟಿ ತುಂಬಿಸಿಡಿ. ಮರುದಿನ ಬೆಳಗ್ಗೆ ಒಂದು ಭಾಗಕ್ಕೆ ಬಿಡಿ, ವಾರದಲ್ಲಿ ಮೂರು ಸಲ ಹೀಗೆ ಮಾಡಿದರೆ ಸರದಿ ಪೂರ್ತಿಯಾಗುತ್ತದೆ.